ಇನ್ನು 41 ದಿನ ಅಂತೀಯಲ್ಲ ಪುಟ್ಟಿ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದ.

ನಿನ್ನೆ ನಿನ್ನ ಸ್ಟೇಟಸ್ ನೋಡ್ದೆ, ಮದುವೆಗೆ ಇನ್ನು 41 ದಿನ ಅಂತ ಹಾಕಿದೀಯ, ಪಕ್ಕದಲ್ಲಿ ಹಳದಿ ಎಲೆ ಉದುರ್ತಿರೋ ಚಿತ್ರ. ಮೊನ್ನೆ 42 ಇತ್ತು. ಇಬ್ರೂ ಸೇರಿ ದಿನಾ ಎಣಿಸ್ಕೊಂಡು ಕೂತಿದೀರಲ್ಲ, ನಗೂ ಬಂತು ಖುಷೀನೂ ಆಯ್ತು. ಎಣ್ಸಿ, ಬೇಡ ಅನ್ನಲ್ಲ. ಆದ್ರೆ ದಿನದ ಲೆಕ್ಕ ಫೋನೇ ಇಟ್ಕೊಳುತ್ತೆ, ಬರೋ ಜನರ ಲೆಕ್ಕ ನೀವೇ ಇಡ್ಬೇಕು, ಅದಕ್ಕೇ ಈ ಉದ್ದನೆ ಕಾಗದ.

ನನ್ನ ಮದುವೆಗೆ ನಂಗೆ ಅಕ್ಷರ ಕಲಿಸಿದ ಟೀಚರ್ ಬಂದಿದ್ರು, ಎರಡು ಬಸ್ ಬದಲಾಯಿಸ್ಕೊಂಡು. ಬಾಗಿಲಲ್ಲಿ ನಿಂತಿದ್ದ ಹುಡುಗ್ರಿಗೆ ಅವರ ಪರಿಚಯ ಇಲ್ಲ, ನಾನು ಸ್ಟೇಜ್ ಮೇಲೆ, ಮನೆಯವರೆಲ್ಲ ಒಳಗಡೆ ಗಡಿಬಿಡೀಲಿ, ಅವರು ಸ್ವಲ್ಪ ಹೊತ್ತು ಹಿಂದಿನ ಸಾಲಲ್ಲಿ ಕೂತು ಯಾರ್ಗೂ ಹೇಳ್ದೆ ಹೊರಟುಬಿಟ್ಟಿದಾರೆ. ನಂಗೆ ಗೊತ್ತಾಗಿದ್ದೇ ಆಲ್ಬಮ್ ಬಂದ್ಮೇಲೆ. ಒಂದು ಫೋಟೋದ ಅಂಚಲ್ಲಿ, ಮಡಿಲಲ್ಲಿ ಬ್ಯಾಗ್ ಇಟ್ಕೊಂಡು ಅದರ ಹಿಡಿ ಎರಡೂ ಕೈಲಿ ಹಿಡ್ಕೊಂಡು ಕೂತಿದಾರೆ. ಆ ಪುಟ ಬಂದ್ರೆ ಇವತ್ತಿಗೂ ಬೇಗ ತಿರುಗಿಸಿಬಿಡ್ತೀನಿ.

ಹಾಗಾಗಿ ಬಾಗಿಲಲ್ಲಿ ನಿಲ್ಲೋರು ಯಾರು ಅನ್ನೋದನ್ನ ಡೆಕೋರೇಶನ್‌ಗಿಂತ ಮುಂಚೆ ತೀರ್ಮಾನ ಮಾಡಿ. ನಿಮ್ಮ ಕಡೆಯವರೊಬ್ರು, ಅವನ ಕಡೆಯವರೊಬ್ರು, ಇಬ್ರೂ ಮುಖ ನೋಡಿ ಹೆಸರು ಹೇಳೋ ಅಂಥವರಾಗಿರ್ಲಿ, ಸುಮ್ನೆ ನಗೋ ಹುಡುಗ್ರು ಬೇಡ. ನಾವೇ ಎಲ್ಲರ ಹತ್ರ ಮಾತಾಡ್ತೀವಿ ದೊಡ್ಡಮ್ಮ ಅಂದಿದ್ದೆ ಫೋನಲ್ಲಿ. ಲೆಕ್ಕ ಹಾಕು, 200 ಜನ, ತಲೆಗೆ ಒಂದೇ ನಿಮಿಷ ಅಂದ್ರೂ 200 ನಿಮಿಷ, ಮೂರು ಗಂಟೆ ಇಪ್ಪತ್ತು ನಿಮಿಷ ಆಯ್ತು! ಆಗಲ್ಲ. ದೂರದಿಂದ ಬಂದೋರು, ವಯಸ್ಸಾದೋರು, ಒಬ್ರೇ ಬಂದೋರು, ಈ ಮೂರು ಥರದವರನ್ನ ಲಿಸ್ಟಲ್ಲಿ ಮೊದಲೇ ಗುರುತು ಮಾಡಿಟ್ಕೊಂಡು ಅವರು ಕೂತಲ್ಲಿಗೆ ನೀವೇ ಹೋಗಿ. ಫ್ರೆಂಡ್ಸ್ ಹೇಗಿದ್ರೂ ನಿಮ್ಮ ಸುತ್ತಾನೇ ಇರ್ತಾರೆ.

ಲಿಸ್ಟ್ ಅಂದೆ ನೋಡು, ಅದು ಒಂದೇ ಇರ್ಲಿ. ನಿಂದೊಂದು ಎಕ್ಸೆಲ್, ಅವಂದೊಂದು ನೋಟ್‌ಬುಕ್, ಅಮ್ಮಂದೊಂದು ತಲೇಲಿ ಅಂತಾದ್ರೆ ಒಬ್ರಿಗೆ ಎರಡು ಸಲ ಕರೆಯೋಲೆ ಹೋಗುತ್ತೆ, ಇನ್ನೊಬ್ರಿಗೆ ಹೋಗೋದೇ ಇಲ್ಲ. ಮದುವೆಗೆ ಮೂರು ವಾರ ಇರೋಹೊತ್ತಿಗೆ ಯಾರು ಬರ್ತಾರೆ ಯಾರು ಬರಲ್ಲ ಅನ್ನೋದು ಕ್ಲಿಯರ್ ಆಗ್ಬೇಕು. ‘ನೋಡೋಣ’ ಅಂದೋರಿಗೆ ಮೆಸೇಜ್ ಮೇಲೆ ಮೆಸೇಜ್ ಹಾಕ್ಬೇಡ, ಒಂದ್ಸಲ ಫೋನ್ ಮಾಡು. ಹಾಗೇ ಮೆಟ್ಟಿಲು ಹತ್ತೋಕಾಗುತ್ತಾ, ವೀಲ್‌ಚೇರ್ ಬೇಕಾ, ಮಗು ಜೊತೆಗಿರುತ್ತಾ ಅಂತಾನೂ ಕೇಳ್ಬಿಡು, ತಾವಾಗೇ ಯಾರೂ ಹೇಳಲ್ಲ.

ಆಮೇಲೆ ಈ ಸೀಸನ್ ವಿಷಯ. ಸೆಪ್ಟೆಂಬರ್ 22-23ಕ್ಕೆ ಹಗಲು ರಾತ್ರಿ ಸಮ ಆಗೋದು, ಅಲ್ಲಿಂದ ಮುಂದೆ ರಾತ್ರೀನೇ ಉದ್ದ, ಭೂಮಧ್ಯರೇಖೆಯಿಂದ ದೂರ ಇರೋ ನಿಮ್ಮಂಥ ಕಡೆ ದಿನಕ್ಕೆ ಎರಡು ಮೂರು ನಿಮಿಷದ ಹಾಗೆ ಬೆಳಕು ಕಮ್ಮಿ ಆಗ್ತಾ ಹೋಗುತ್ತೆ. ಮದುವೆ ಜಾಗ ನೀವು ನೋಡಿದ್ದು ಆಗಸ್ಟಲ್ಲಿ, ಸಂಜೆ 7ಕ್ಕೂ ಬಿಸಿಲಿತ್ತು ಅಂದ್ರಿ. ಅಕ್ಟೋಬರ್ ಕೊನೇಲಿ ಅದೇ 7ಕ್ಕೆ ಕತ್ತಲೆ ಪುಟ್ಟಿ. ಗ್ರೂಪ್ ಫೋಟೋ ಬೇಗ ಮುಗಿಸಿ, ಪಾರ್ಕಿಂಗಿಂದ ಬಾಗಿಲವರೆಗೆ ಲೈಟ್ ಹಾಕ್ಸಿ. ಹುಲ್ಲಿನ ಮೇಲೆ ಸಂಜೆ ಹೊತ್ತು ಇಬ್ಬನಿ ಬೀಳುತ್ತೆ, ಕುರ್ಚಿ ಕಾಲು ಮೆತ್ತಗೆ ಒಳಗೆ ಇಳಿಯುತ್ತೆ, ಹೈಹೀಲ್ಸ್ ಕಥೆ ಕೇಳ್ಲೇಬೇಡ. ವಯಸ್ಸಾದೋರಿಗೆ ಒಳಗಡೆ ಬೆಚ್ಚಗಿನ ಜಾಗ ಇಡಿ, ಟಾಯ್ಲೆಟ್‌ಗೆ ಹತ್ರ.

ಇನ್ನೊಂದು ತಲೆನೋವು, ಗಡಿಯಾರ. ಯುರೋಪಲ್ಲಿ ಅಕ್ಟೋಬರ್ ಕೊನೇ ಭಾನುವಾರ ಒಂದು ಗಂಟೆ ಹಿಂದಕ್ಕೆ ತಿರುಗಿಸ್ತಾರೆ, ಅಮೆರಿಕದಲ್ಲಿ ನವೆಂಬರ್ ಮೊದಲ ಭಾನುವಾರ, ನಿಮ್ಮ ಡೇಟ್ ಸರಿಯಾಗಿ ಇವೆರಡರ ಮಧ್ಯೆ ಬಿದ್ದಿದೆ. ಲೈವ್ ನೋಡೋರಿಗೆ ಅವರವರ ಊರಿನ ಟೈಮ್ ಬರೆದೇ ಲಿಂಕ್ ಕಳ್ಸು, ಇಲ್ಲಾಂದ್ರೆ ಅರ್ಧ ಜನ ಮುಗಿದ್ಮೇಲೆ ಬಂದು ಹಲೋ ಹಲೋ ಅಂತಾರೆ.

ಜಗಳ ಆಡಿದ್ರಾ ಇಬ್ರೂ? ಅಮ್ಮ ಏನೋ ಅಂದ್ಲು. ಆಗುತ್ತೆ ಬಿಡು. ವಾರದಲ್ಲಿ ಒಂದು ಸಂಜೆ ಮದುವೆ ಸುದ್ದೀನೇ ಎತ್ತದೆ ಸುಮ್ನೆ ವಾಕ್ ಹೋಗ್ಬನ್ನಿ. ಆ ದಿನಾನೂ ಅಷ್ಟೇ, ನೀವಿಬ್ರೂ ಕೂತು ಊಟ ಮಾಡೋಕೆ ಹದಿನೈದು ನಿಮಿಷ ಪ್ರೋಗ್ರಾಮ್ ಶೀಟಲ್ಲೇ ಬರೆದಿಡ್ಸಿ, ನಾನು ಬಾಗಿಲಲ್ಲಿ ಕಾವಲು ಇರ್ತೀನಿ, ಫೋಟೋದವ್ನನ್ನೂ ಒಳಗೆ ಬಿಡಲ್ಲ.

ನಾವು ಎರಡು ದಿನ ಮುಂಚೆನೇ ಬರ್ತೀವಿ. ಲಿಸ್ಟಲ್ಲಿ ಎರಡು ಅಂತ ಬರ್ಕೋ, ದೊಡ್ಡಪ್ಪನ ಮೊಣಕಾಲಿಗೆ ಕೈ ಇರೋ ಕುರ್ಚಿ ಒಂದು, ಅವರಂತೂ ಬೇಡ ಬೇಡ ಅಂತಾರೆ, ಹಾಕ್ಸಿಬಿಡು.

ನಿನ್ನ
ದೊಡ್ಡಮ್ಮ