ಸೋನಿ ಪಾಠದಲ್ಲಿ ಇಬುಕಾ ಅವರ ಹೆಸರೇ ಇಲ್ಲ, ದಯವಿಟ್ಟು ತಿದ್ದಿ

ಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು,
ಮಕ್ಕಳ ಕಲಿಕೆಯ ಆ್ಯಪ್

ವಿಷಯ: ಸೋನಿ ಕಂಪನಿಯ ಪಾಠದಲ್ಲಿರುವ ತಪ್ಪುಗಳು ಮತ್ತು ಸರಿ ಉತ್ತರಕ್ಕೆ ಕಳೆದ ಅಂಕದ ಬಗ್ಗೆ

ಮಾನ್ಯರೇ,

ನನ್ನ ಮೊಮ್ಮಗಳು ಏಳನೇ ಕ್ಲಾಸಿನಲ್ಲಿ ಓದುತ್ತಿದ್ದಾಳೆ. ಅವಳಿಗಾಗಿ ನಿಮ್ಮ ಆ್ಯಪ್‌ಗೆ ಒಂದು ವರ್ಷದ ಚಂದಾ ಕಟ್ಟಿದ್ದೇನೆ. ಕಳೆದ ತಿಂಗಳು ಸೋನಿ ಕಂಪನಿಯ ಬಗ್ಗೆ ಪಾಠ ಬಂತು. ಕೊನೆಯಲ್ಲಿ, ಆ ಕಂಪನಿ ಕಟ್ಟಿದವರು ಯಾರು ಎಂಬ ಪ್ರಶ್ನೆ. ಅವಳು ‘ಮಸಾರು ಇಬುಕಾ ಮತ್ತು ಅಕಿಯೊ ಮೊರಿಟಾ’ ಎಂದು ಬರೆದಳು. ಕೆಂಪು ಗುರುತು ಬಿತ್ತು. ಸರಿ ಉತ್ತರ ‘ಅಕಿಯೊ ಮೊರಿಟಾ’ ಅಂತ ತೋರಿಸಿತು.

“ಅಜ್ಜಾ, ನೀವು ಹೇಳಿದ್ದು ತಪ್ಪಂತೆ” ಎಂದು ಕಣ್ಣಲ್ಲಿ ನೀರು ತುಂಬಿಕೊಂಡು ಬಂದಳು. ನಾನು ಹುಬ್ಬಳ್ಳಿಯಲ್ಲಿ ಮೂವತ್ತಾರು ವರ್ಷ ರೇಡಿಯೋ ರಿಪೇರಿ ಮಾಡಿದವನು. ಇಬುಕಾ ಅವರ ಕಥೆಯನ್ನು ಅವಳಿಗೆ ಹೇಳಿದ್ದು ನಾನೇ. ಅದನ್ನೇ ನಿಮಗೂ ಹೇಳುತ್ತೇನೆ.

1945ರ ಅಕ್ಟೋಬರ್. ಯುದ್ಧ ಆಗಷ್ಟೇ ಮುಗಿದಿತ್ತು. ಟೋಕಿಯೊ ಸುಟ್ಟು ಕರಕಲಾಗಿತ್ತು. ನಿಹೊನ್‌ಬಾಶಿಯ ಶಿರೊಕಿಯಾ ಎಂಬ ದೊಡ್ಡ ಮಳಿಗೆಯ ಕಟ್ಟಡದಲ್ಲಿ ಇಬುಕಾ ಸಣ್ಣದೊಂದು ರೇಡಿಯೋ ರಿಪೇರಿ ಅಂಗಡಿ ಶುರು ಮಾಡಿದರು. ಯುದ್ಧದ ಕಾಲದಲ್ಲಿ ಜನ ಶಾರ್ಟ್‌ವೇವ್, ಅಂದರೆ ದೂರದ ದೇಶಗಳ ರೇಡಿಯೋ ಪ್ರಸಾರ, ಕೇಳುವಂತಿರಲಿಲ್ಲ. ಹೊರಗಿನ ಸುದ್ದಿಗೆ ಎಲ್ಲರೂ ಕಾದಿದ್ದರು. ಮನೆಯಲ್ಲಿದ್ದ ರೇಡಿಯೋದಲ್ಲೇ ಶಾರ್ಟ್‌ವೇವ್ ಬರುವ ಹಾಗೆ ಅವರು ಒಂದು ಜೋಡಣೆ ಮಾಡಿ ಕೊಡುತ್ತಿದ್ದರು. ಈ ಸುದ್ದಿ ಪೇಪರಿನಲ್ಲಿ ಬಂತು. ಅದನ್ನು ಓದಿಯೇ ಮೊರಿಟಾ, ಇಬುಕಾ ಅವರನ್ನು ಹುಡುಕಿಕೊಂಡು ಬಂದರು. ಯುದ್ಧದ ಸಮಯದ ಸಂಶೋಧನೆಯಲ್ಲಿ ಇಬ್ಬರಿಗೂ ಪರಿಚಯವಾಗಿತ್ತು. 1946ರ ಮೇ 7ರಂದು ಇಬ್ಬರೂ ಸೇರಿ ಕಂಪನಿ ತೆರೆದರು. ಬಂಡವಾಳ 1,90,000 ಯೆನ್. ಕಂಪನಿಗೆ ಸೋನಿ ಎಂಬ ಹೆಸರು ಬಂದಿದ್ದು 1958ರಲ್ಲಿ.

ಆ ರಿಪೇರಿ ಅಂಗಡಿಯೇ ಇಲ್ಲದಿದ್ದರೆ ಮೊರಿಟಾ ಬರುತ್ತಿದ್ದುದಾದರೂ ಎಲ್ಲಿಗೆ, ಹೇಳಿ?

ಮೊರಿಟಾ ಬಗ್ಗೆ ನನಗೂ ತುಂಬಾ ಗೌರವವಿದೆ. ಅಮೆರಿಕದ ಬುಲೋವಾ ಕಂಪನಿ ಒಂದು ಲಕ್ಷ ರೇಡಿಯೋ ಕೊಳ್ಳುತ್ತೇವೆ, ಆದರೆ ನಮ್ಮ ಹೆಸರು ಹಾಕಿ ಕೊಡಿ ಎಂದಾಗ ಅವರು ಒಪ್ಪಲಿಲ್ಲ. ಆಗ ಕಂಪನಿ ಇನ್ನೂ ಚಿಕ್ಕದು. ಆ ಭಾಗವನ್ನು ನೀವು ಚೆನ್ನಾಗಿಯೇ ಬರೆದಿದ್ದೀರಿ. ಆದರೆ ವಾಕ್‌ಮನ್ ಕೂಡ ಅವರೊಬ್ಬರದೇ ಯೋಚನೆ ಎಂದಿದ್ದೀರಲ್ಲ, ಅದು ಸರಿಯಲ್ಲ. ದೂರದ ವಿಮಾನ ಪ್ರಯಾಣದಲ್ಲಿ ಹಾಡು ಕೇಳಲು ಚಿಕ್ಕದೊಂದು ಯಂತ್ರ ಬೇಕು ಎಂದು ಕೇಳಿದವರು ಇಬುಕಾ. ಎಂಜಿನಿಯರುಗಳು ಪ್ರೆಸ್‌ಮನ್ ಎಂಬ ರೆಕಾರ್ಡರಿನಿಂದ ರೆಕಾರ್ಡ್ ಮಾಡುವ ಭಾಗ ತೆಗೆದು, ಸ್ಟೀರಿಯೋ ಕೇಳುವ ಹಾಗೆ ಮಾಡಿಕೊಟ್ಟರು. ಅದನ್ನು ಹಟ ಹಿಡಿದು ಮಾರುಕಟ್ಟೆಗೆ ತಂದವರು ಮೊರಿಟಾ. 1979ರ ಜುಲೈ 1ರಂದು 33,000 ಯೆನ್‌ಗೆ ಅದು ಮಾರಾಟಕ್ಕೆ ಬಂತು.

ಇನ್ನೊಂದು ತಪ್ಪು. ಪ್ರಪಂಚದ ಮೊದಲ ಟ್ರಾನ್ಸಿಸ್ಟರ್ ರೇಡಿಯೋ ಸೋನಿಯದು ಎಂದು ಬರೆದಿದ್ದೀರಿ. ಅಮೆರಿಕದ ರೀಜೆನ್ಸಿ ಟಿಆರ್-1 1954ರಲ್ಲೇ ಬಂದಿತ್ತು. ಸೋನಿಯ ಟಿಆರ್-55 ಬಂದಿದ್ದು 1955ರಲ್ಲಿ. ಅದು ಜಪಾನಿನ ಮೊದಲನೆಯದು.

ಇಬುಕಾ ಅವರ ಅನ್ನ ಮಾಡುವ ಪಾತ್ರೆಯ ಕಥೆಯನ್ನೂ ಸೇರಿಸಿ. ಮರದ ತೊಟ್ಟಿಗೆ ಅಲ್ಯೂಮಿನಿಯಂ ಪಟ್ಟಿ ಕೂರಿಸಿ ಕರೆಂಟು ಕೊಟ್ಟಿದ್ದರು. ಅನ್ನ ಒಮ್ಮೆ ಬೇಯುತ್ತಲೇ ಇರಲಿಲ್ಲ, ಇನ್ನೊಮ್ಮೆ ಜಾಸ್ತಿ ಬೆಂದುಹೋಗುತ್ತಿತ್ತು. ಅದು ಮಾರಾಟವಾಗಲೇ ಇಲ್ಲ. ಮಕ್ಕಳಿಗೆ ಇದೂ ಗೊತ್ತಾಗಬೇಕು ಅಲ್ವಾ?

ಈ ಬಗ್ಗೆ ಎರಡು ಸಲ ಮೇಲ್ ಬರೆದೆ. ಎರಡು ಸಲವೂ ‘ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ’ ಎಂಬ ಒಂದೇ ಸಾಲಿನ ಉತ್ತರ. ನಾನು ಅಭಿಪ್ರಾಯ ಹೇಳಿಲ್ಲ, ತಪ್ಪು ತೋರಿಸಿದ್ದೇನೆ. ಹದಿನೈದು ದಿನಗಳಲ್ಲಿ ಪಾಠ ತಿದ್ದಿ. ಇಬ್ಬರ ಹೆಸರು ಬರೆದ ಎಲ್ಲ ಮಕ್ಕಳಿಗೂ ಅಂಕ ಕೊಡಿ, ಪಾಠ ತಿದ್ದಿದ್ದೇವೆ ಎಂದು ಅವರಿಗೆ ತಿಳಿಸಿ. ಆಗದಿದ್ದರೆ ಉಳಿದ ತಿಂಗಳುಗಳ ಚಂದಾ ವಾಪಸ್ ಕೊಡಿ. ಎರಡೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡುತ್ತೇನೆ.

ಪಾಠದ ಆ ಪುಟಗಳ ಮತ್ತು ಮೊಮ್ಮಗಳ ಉತ್ತರದ ಚಿತ್ರಗಳನ್ನು ಇದರ ಜೊತೆ ಇಟ್ಟಿದ್ದೇನೆ.

ಇಂತಿ,
ನಿಮ್ಮ ಚಂದಾದಾರ,
ಹುಬ್ಬಳ್ಳಿ