ಅಮಿ ಅಂದರೆ ಗೆಳೆಯ

ಧಾರವಾಡ

ಪ್ರೀತಿಯ ದೋಸ್ತ,

ಮೊನ್ನೆ ನೀನು ಫೋನ್ ಮಾಡಿದಾಗ ನಾನು ಸಂತೆಯಲ್ಲಿದ್ದೆ. ಗದ್ದಲ ಜಾಸ್ತಿ ಇತ್ತು, ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಮಗನನ್ನು ಹಾವೇರಿಯಿಂದ ಹುಬ್ಬಳ್ಳಿಯ ಶಾಲೆಗೆ ಹಾಕುತ್ತಿದ್ದೇವೆ, 9ನೇ ತರಗತಿಗೆ ಅವನಿಗೆ ಫ್ರೆಂಚ್ ಕೊಡಿಸಲಾ ಬೇಡವಾ ಅಂತ ನೀನು ಕೇಳಿದ್ದೆ. ಅದು ಸ್ಕೋರಿಂಗ್ ಸಬ್ಜೆಕ್ಟ್ ಅಂತ ಯಾರೋ ಹೇಳಿದರು ಅಂದೆ. ಇದನ್ನು ಬರೆದೇ ಹೇಳಬೇಕು ಅನಿಸಿತು.

ಅಂಕದ ಮಾತು ಸುಳ್ಳಲ್ಲ. ಸಿಬಿಎಸ್‌ಇ 10ನೇ ತರಗತಿಯಲ್ಲಿ 80 ಅಂಕಕ್ಕೆ ಬರೆಯುವ ಪರೀಕ್ಷೆ, ಉಳಿದ 20 ಶಾಲೆಯವರೇ ಹಾಕುತ್ತಾರೆ. ವ್ಯಾಕರಣ ಪಕ್ಕಾ ಇದ್ದರೆ ಅಂಕ ಬರುತ್ತದೆ. ಆದರೆ ಬಾಯಿ ತೆರೆಯದೆಯೂ ಬರುತ್ತದೆ, ನನಗೆ ಬೇಜಾರು ಅದೇ. ನನ್ನ ಮಗಳು 8ನೇ ತರಗತಿಯಲ್ಲಿದ್ದಾಗ ನಡುವರ್ಷದಲ್ಲಿ ಫ್ರೆಂಚ್ ಮೇಡಂ ಕೆಲಸ ಬಿಟ್ಟರು. ಮೂರು ತಿಂಗಳು ಬೇರೆ ಯಾರೂ ಬರಲಿಲ್ಲ. ಮಕ್ಕಳು ಗೈಡ್ ಹಿಡಿದು ಉತ್ತರಗಳನ್ನು ಬಾಯಿಪಾಠ ಮಾಡಿದರು. ಅವಳಿಗೆ 80ಕ್ಕೆ 71 ಬಂತು. ಅಂಕಪಟ್ಟಿ ಕೈಯಲ್ಲಿ ಹಿಡಿದುಕೊಂಡೇ ಅತ್ತಳು. "ಅಪ್ಪಾ, ನನಗೆ ಒಂದು ವಾಕ್ಯ ಮಾತಾಡಲು ಬರುವುದಿಲ್ಲ" ಅಂದಳು.

ಅವತ್ತು ರಾತ್ರಿ ಅವಳ ಪುಸ್ತಕ ತೆಗೆದುಕೊಂಡು ಕುಳಿತೆ. ನನಗೆ ಫ್ರೆಂಚ್ ಅಂದರೆ ಒಂದಕ್ಷರ ಬರುತ್ತಿರಲಿಲ್ಲ, ನಿನಗೆ ಗೊತ್ತಲ್ಲ. ಮೊದಲ ಪಾಠದಲ್ಲೇ 'ಅಮಿ' ಅನ್ನುವ ಪದ ಸಿಕ್ಕಿತು. ಅಮಿ ಅಂದರೆ ಗೆಳೆಯ. ಅದರ ಹಿಂದೆ 'ಲ' ಅನ್ನುವ ಚಿಕ್ಕ ಪದ ಬರಬೇಕು. ಎರಡೂ ಸೇರಿದಾಗ ಮೊದಲಿನದರ ಸ್ವರ ಹೋಗಿ 'ಲಮಿ' ಆಗುತ್ತದೆ. ಯಾಕೆ ಅಂತ ಮಗಳನ್ನು ಕೇಳಿದೆ. "ಹಾಗೇ ಬರೆಯಬೇಕು ಅಂದಿದ್ದಾರೆ" ಅಂದಳು. ನನಗೆ ಆಗ ನಮ್ಮ ಹೈಸ್ಕೂಲಿನ ಕನ್ನಡ ಸರ್ ಕಣ್ಣಮುಂದೆ ಬಂದರು. ಬೋರ್ಡಿನ ಮೇಲೆ 'ಊರು + ಅಲ್ಲಿ = ಊರಲ್ಲಿ' ಅಂತ ಬರೆದು, "ಉಕಾರ ಎಲ್ಲಿ ಹೋತು?" ಅಂತ ಕೇಳುತ್ತಿದ್ದರಲ್ಲ! ಇದು ಅದೇ ಲೋಪಸಂಧಿ ಕಣೋ.

ಮುಂದಿನ ಪುಟಗಳಲ್ಲಿ ಇನ್ನೂ ಸಿಕ್ಕಿತು. 'ಇಲ್ ಆ' ಅಂದರೆ 'ಅವನ ಹತ್ತಿರ ಇದೆ'. ಅದನ್ನೇ ಪ್ರಶ್ನೆ ಮಾಡಲು ಪದ ತಿರುಗಿಸಿದರೆ 'ಆ ಇಲ್' ಆಗಬೇಕು. ಎರಡು ಸ್ವರ ಒಂದರ ಪಕ್ಕ ಒಂದು ಬಂದರೆ ಅವರ ನಾಲಿಗೆಗೂ ಕಷ್ಟ. ಅದಕ್ಕೆ ನಡುವೆ ಒಂದು 'ತ' ಸೇರಿಸಿ 'ಆತಿಲ್' ಅನ್ನುತ್ತಾರೆ. ನಾವು 'ಮನೆ + ಅಲ್ಲಿ'ಗೆ ಯಕಾರ ಸೇರಿಸಿ 'ಮನೆಯಲ್ಲಿ' ಅಂದ ಹಾಗೆ, ಆಗಮ ಸಂಧಿ. ಮಗಳ ಮುಖ ನೋಡಬೇಕಿತ್ತು. ಕನ್ನಡ ನೋಟ್‌ಬುಕ್ ತಂದು ಪಕ್ಕದಲ್ಲಿ ಇಟ್ಟುಕೊಂಡಳು. ಅವತ್ತಿನಿಂದ ಎರಡನ್ನೂ ಒಟ್ಟಿಗೇ ಓದಿದಳು.

ನೀನು-ನೀವು ಕೂಡ ಹಾಗೆಯೇ. ಇಂಗ್ಲಿಷ್‌ನಲ್ಲಿ ಎಲ್ಲರಿಗೂ ಒಂದೇ ಪದ. ಫ್ರೆಂಚ್‌ನಲ್ಲಿ ಗೆಳೆಯನಿಗೆ 'ತ್ಯು', ಹಿರಿಯರಿಗೆ, ಗುರುತಿಲ್ಲದವರಿಗೆ 'ವು'. ಬಹುವಚನಕ್ಕೂ 'ವು'ನೇ. ಮಾತಿಗೊಂದು 'ರೀ' ಹಚ್ಚುವ ನಮ್ಮ ಮಕ್ಕಳಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಇನ್ನೊಂದು ಹೇಳಲೇಬೇಕು. ನಾವು ಬೀಗದ ಕೈಗೆ ಚಾವಿ ಅನ್ನುತ್ತೇವಲ್ಲ, ಅದು ಪೋರ್ಚುಗೀಸರಿಂದ ಬಂದ ಪದ. ಅದಕ್ಕೆ ಫ್ರೆಂಚ್‌ನಲ್ಲಿ 'ಕ್ಲೇ'. ಎರಡರ ಬೇರೂ ಲ್ಯಾಟಿನ್‌ನ ಒಂದೇ ಪದ, 'ಕ್ಲಾವಿಸ್'. ಬೇಕರಿಯಲ್ಲಿ ಕೊಳ್ಳುವ ಪಾವ್‌ನ ಕಥೆಯೂ ಇದೇ.

ಕಷ್ಟವೂ ಇದೆ, ಮುಚ್ಚಿಡುವುದಿಲ್ಲ. ನಾವು ನುಡಿದ ಹಾಗೆ ಬರೆಯುವವರು. ಅಲ್ಲಿ ಬರೆದದ್ದರಲ್ಲಿ ಎಷ್ಟೋ ಅಕ್ಷರ ಬಾಯಲ್ಲಿ ಬರುವುದೇ ಇಲ್ಲ. ನಾನು ಮಾತಾಡುತ್ತೇನೆ, ನೀನು ಮಾತಾಡುತ್ತೀಯ, ಅವರು ಮಾತಾಡುತ್ತಾರೆ, ಮೂರಕ್ಕೂ ಕ್ರಿಯಾಪದದ ಸ್ಪೆಲಿಂಗ್ ಬೇರೆ ಬೇರೆ. ಕಿವಿಗೆ ಮಾತ್ರ ಮೂರೂ 'ಪಾರ್ಲ್'. ಲಿಂಗದ್ದು ಇನ್ನೂ ಕಷ್ಟ. ಅಲ್ಲಿ ನಪುಂಸಕ ಲಿಂಗವೇ ಇಲ್ಲ. ಮೇಜು ಹೆಣ್ಣು, ಪುಸ್ತಕ ಗಂಡು, ಬಾಗಿಲು ಹೆಣ್ಣು, ಮಂಚ ಗಂಡು. ಬಹಳಷ್ಟು ಪದಗಳಿಗೆ ಯಾಕೆ ಅಂತ ಕೇಳಿದರೆ ಉತ್ತರವಿಲ್ಲ. ಮಗಳು ಮನೆತುಂಬ ಚೀಟಿ ಅಂಟಿಸಿದಳು, ಗಂಡಿಗೆ ನೀಲಿ, ಹೆಣ್ಣಿಗೆ ಕೆಂಪು. ದೇವರಮನೆಯ ಬಾಗಿಲಿಗೂ ಕೆಂಪು ಚೀಟಿ ಬಿತ್ತು. ಅವ್ವ ಅದನ್ನು ತೆಗೆಯಲಿಲ್ಲ, ಅದರ ಮೇಲೆಯೇ ಅರಿಶಿನ-ಕುಂಕುಮ ಹಚ್ಚಿದಳು.

ಅಂಕಿಗಳನ್ನು ಅವಳು ಕಲಿತದ್ದು ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ. 70 ಅಂದರೆ ಅವರಿಗೆ 'ಅರವತ್ತು-ಹತ್ತು'. 80 ಅಂದರೆ 'ನಾಲ್ಕು ಇಪ್ಪತ್ತು'. 97 ಅಂದರೆ 'ನಾಲ್ಕು ಇಪ್ಪತ್ತು ಹತ್ತು ಏಳು'. ಬೆಲ್ಜಿಯಂನವರು, ಸ್ವಿಟ್ಜರ್ಲೆಂಡಿನವರು 70ಕ್ಕೆ, 90ಕ್ಕೆ ಬೇರೆ ಸರಳ ಪದ ಇಟ್ಟುಕೊಂಡಿದ್ದಾರೆ, ಪರೀಕ್ಷೆಗೆ ಅದು ಬೇಡ. ಜುಬಿಲಿ ಸರ್ಕಲ್‌ನಿಂದ ಉಣಕಲ್‌ವರೆಗೆ ಕಿಟಕಿಯ ಪಕ್ಕ ಕುಳಿತು ಪಕ್ಕದ ಗಾಡಿಗಳ ನಂಬರ್ ಪ್ಲೇಟ್ ಓದುವುದು. ಕೆಎ 25 ಕಂಡರೆ 'ವ್ಯಾಂತ್-ಸ್ಯಾಂಕ್', ಹುಬ್ಬಳ್ಳಿ ಹತ್ತಿರ ಬಂದ ಹಾಗೆ ಕೆಎ 63, 'ಸ್ವಾಸಾಂತ್-ತ್ರ್ವಾ'. ಒಂದು ತಿಂಗಳಲ್ಲಿ ಎಡವದೆ ಹೇಳತೊಡಗಿದಳು.

ಈಗ ನಿನ್ನ ಮಗನ ವಿಷಯ. ಶಾಲೆಗೆ ಹೋದಾಗ ಅಂಕದ ಬಗ್ಗೆ ಕೇಳಬೇಡ. ಫ್ರೆಂಚ್ ಕಲಿಸುವವರು ಕಾಯಂ ಇದ್ದಾರಾ, 10ನೇ ತರಗತಿವರೆಗೆ ಇರುತ್ತಾರಾ ಅಂತ ಕೇಳು. ಕ್ಲಾಸಿನಲ್ಲಿ ಮಕ್ಕಳು ಮಾತಾಡುತ್ತಾರಾ ಅಂತ ಕೇಳು. ಸಾಧ್ಯವಾದರೆ ಒಂದು ಪೀರಿಯಡ್ ಹೊರಗೆ ನಿಂತು ಕೇಳಿಸಿಕೋ. ನಮ್ಮ ಕಡೆ ಫ್ರೆಂಚ್ ಶಿಕ್ಷಕರು ಸಿಗುವುದು ಸುಲಭವಲ್ಲ, ಆ ಕಷ್ಟ ನಾನು ಉಂಡಿದ್ದೇನೆ.

ಅವನಿಗೆ ಹಿಡಿಸಿದರೆ ಮುಂದೆ ದೆಲ್ಫ್ ಅನ್ನುವ ಫ್ರೆಂಚ್ ಭಾಷೆಯ ಸರ್ಟಿಫಿಕೇಟ್ ಪರೀಕ್ಷೆ ಬರೆಸು. ಮೊದಲ ಹಂತ ಎ1. ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು, ನಾಲ್ಕಕ್ಕೂ 25-25 ಅಂಕ. ಪಾಸಾಗಲು ಒಟ್ಟು 50 ಬೇಕು, ಒಂದೊಂದರಲ್ಲೂ 5ಕ್ಕೆ ಕಡಿಮೆ ಆಗಬಾರದು. ಸರ್ಟಿಫಿಕೇಟ್‌ಗೆ ಅವಧಿ ಅಂತ ಇಲ್ಲ, ಜೀವನಪೂರ್ತಿ ನಡೆಯುತ್ತದೆ. ಪರೀಕ್ಷೆಗೆ ಬೆಂಗಳೂರಿನಲ್ಲಿ ಫ್ರೆಂಚ್ ಕಲಿಸುವ ಸಂಸ್ಥೆ ಅಲಿಯಾನ್ಸ್ ಫ್ರಾನ್ಸೇಸ್‌ಗೆ ಹೋಗಬಹುದು. ಪಿಯುಸಿಯಲ್ಲೂ ಫ್ರೆಂಚ್ ಭಾಷಾ ವಿಷಯವಾಗಿ ಇದೆ. ಆದರೆ ಅದನ್ನು ಕಲಿಸುವ ಕಾಲೇಜು ಹತ್ತಿರ ಇದೆಯಾ ಅಂತ ಈಗಲೇ ವಿಚಾರಿಸಿಡು.

ಕನ್ನಡವನ್ನು ಮಾತ್ರ ಬಿಡಿಸಬೇಡ. 2020ರ ಶಿಕ್ಷಣ ನೀತಿಯಲ್ಲೂ ಮೂರು ಭಾಷೆಗಳಲ್ಲಿ ಎರಡಾದರೂ ಭಾರತದ್ದಿರಬೇಕು ಅಂತಿದೆ. ನೀತಿ ಇರಲಿ ಬಿಡು. ಸಂಧಿ ಗೊತ್ತಿಲ್ಲದಿದ್ದರೆ ನನ್ನ ಮಗಳು ಇವತ್ತಿಗೂ ಗೈಡ್ ಬಾಯಿಪಾಠ ಮಾಡುತ್ತಾ ಕೂತಿರುತ್ತಿದ್ದಳು.

ಮುಂದಿನ ಭಾನುವಾರ ಅವನನ್ನು ಕರೆದುಕೊಂಡು ಬಾ. ಮಗಳು ತನ್ನ ಹಳೆಯ ನೋಟ್‌ಬುಕ್‌ಗಳನ್ನು ತೆಗೆದಿಟ್ಟಿದ್ದಾಳೆ, ಕನ್ನಡದ್ದೂ ಸೇರಿಸಿ. ಹುಬ್ಬಳ್ಳಿಯಲ್ಲಿ ಇಳಿದು ಚಿಗರಿ ಹತ್ತಿರಿ. ಅವನಿಗೆ ಕಿಟಕಿಯ ಸೀಟು ಕೊಡು.

ನಿನ್ನ ಅಮಿ