ಬೀದಿ ನಾಯಿ ಹೊರಡುವುದು ನಮ್ಮ ಅಂಗಳದಿಂದಲೇ

ಮಾನ್ಯ ಸಂಪಾದಕರೇ,

ಮಂಗಳೂರಿನ ಬೀದಿ ನಾಯಿಗಳ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬರುವ ಪತ್ರಗಳನ್ನು ಓದುತ್ತಿರುತ್ತೇನೆ. ಬರೆದವರ ಸಿಟ್ಟು ನ್ಯಾಯವಾದದ್ದೇ. ಬೆಳಗ್ಗೆ ಬೇಗ ಟ್ಯೂಷನ್‌ಗೆ ಹೋಗುವ ಮಕ್ಕಳು, ರಾತ್ರಿ ಪಾಳಿ ಮುಗಿಸಿ ಸ್ಕೂಟರಿನಲ್ಲಿ ಬರುವವರು ಹೆದರಿಕೊಂಡೇ ಓಡಾಡುವ ಹಾಗಾಗಿದೆ. ಆದರೆ ಹೆಚ್ಚಿನ ಪತ್ರಗಳು ಪಾಲಿಕೆಯನ್ನು ಬೈದು ಮುಗಿಯುತ್ತವೆ. ಈ ನಾಯಿಗಳು ಬೀದಿಗೆ ಬಂದದ್ದು ಎಲ್ಲಿಂದ ಅಂತ ಕೇಳುವವರು ಕಡಿಮೆ. ನಾನು ಸುರತ್ಕಲ್ ಕಡೆಯವಳು, ಮನೆಯಲ್ಲಿ ನಾಯಿ ಉಂಟು. ಹಾಗಾಗಿ ನಾಯಿ ಸಾಕುವ ನಮ್ಮ ಬಗ್ಗೆಯೇ ನಾಲ್ಕು ಮಾತು ಬರೆಯುತ್ತಿದ್ದೇನೆ.

ಕಳೆದ ಮಳೆಗಾಲ ಮುಗಿದ ಮೇಲೆ ಕಡಲ ಬದಿಯ ರಸ್ತೆಯಲ್ಲಿ ಮಿಕ್ಸಿಯ ಒಂದು ರಟ್ಟಿನ ಪೆಟ್ಟಿಗೆ ಕಾಣಿಸಿತು. ಒಳಗೆ ನಾಲ್ಕು ಮರಿ. ಆಗಷ್ಟೇ ಕಣ್ಣು ಬಿಟ್ಟಿದ್ದವು. ನಾಲ್ಕೂ ಹೆಣ್ಣು. ಅಡಿಗೆ ಹಳೇ ನೈಟಿ ಹಾಸಿ, ಮೂಲೆಯಲ್ಲಿ ಎರಡು ಬೂತಾಯಿ ಮೀನು ಇಟ್ಟಿದ್ದರು. ತಾಯಿಯ ಹಾಲು ಬಿಡದ ಮರಿ ಮೀನು ತಿನ್ನುತ್ತದೆಯೇ? ಇಟ್ಟವರಿಗೆ ಕನಿಕರ ಇರಲಿಲ್ಲ ಅನ್ನಲಾರೆ. ಆದರೆ ಆ ಕನಿಕರದಿಂದ ಮರಿಗಳಿಗೆ ಏನೂ ಸಿಗಲಿಲ್ಲ. ಗಂಡು ಮರಿಗಳನ್ನು ಕೇಳಿ ಪಡೆಯುವವರು ಇರುತ್ತಾರೆ, ಹೆಣ್ಣು ಮರಿ ಯಾರಿಗೂ ಬೇಡ. ಮೀನು ಮಾರ್ಕೆಟ್, ದೋಣಿ ನಿಲ್ಲುವ ದಕ್ಕೆ, ಬೀಚ್ ಹತ್ತಿರ ಬಿಟ್ಟರೆ ಹೇಗೋ ಹೊಟ್ಟೆ ಹೊರೆದುಕೊಳ್ಳುತ್ತವೆ ಎಂಬ ಲೆಕ್ಕ.

ಹೆಚ್ಚಿನವು ಸಾಯುತ್ತವೆ. ಬದುಕಿ ಉಳಿದ ಹೆಣ್ಣು ವರ್ಷ ತುಂಬುವಷ್ಟರಲ್ಲಿ ಬೆದೆಗೆ ಬರುತ್ತದೆ. ಆಮೇಲೆ ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ. ಗಬ್ಬ ಕಟ್ಟಿದರೆ ಸುಮಾರು 63 ದಿನಕ್ಕೆ ಮತ್ತೊಂದು ಹಿಂಡು ಮರಿ. ಒಂದು ಕಡೆ ಬೀದಿ ನಾಯಿ ಹಿಡಿದು, ಮರಿಯಾಗದಂತೆ ಆಪರೇಷನ್ ಮಾಡಿ, ಕಿವಿಯ ತುದಿ ಕತ್ತರಿಸಿ ಗುರುತು ಹಾಕಿ ಬಿಡುವ ಕೆಲಸ ನಡೆಯುತ್ತದೆ. ಇನ್ನೊಂದು ಕಡೆ ನಾವೇ ಹೊಸ ಮರಿ ತಂದು ಸುರಿಯುತ್ತೇವೆ. ಹೀಗಿದ್ದರೆ ಈ ಕೆಲಸ ಮುಗಿಯುವುದು ಯಾವಾಗ?

ದುಡ್ಡು ಕೊಟ್ಟು ತಂದ ನಾಯಿಗಳ ಪಾಡೂ ಬೇರೆಯಲ್ಲ. ನಮ್ಮ ಸೆಕೆಯಲ್ಲಿ, ಮನುಷ್ಯರೇ ಬೆವರಿ ತೊಯ್ದು ಹೋಗುವ ಊರಲ್ಲಿ, ಫ್ಲ್ಯಾಟಿನ ಬಾಲ್ಕನಿಯಲ್ಲಿ ಹಸ್ಕಿ ಕಟ್ಟಿಹಾಕುತ್ತಾರೆ. ಅದು ಹಿಮದ ಮೇಲೆ ಗಾಡಿ ಎಳೆಯಲು ಬೆಳೆಸಿದ ತಳಿ. ಎರಡು ಪದರ ಕೂದಲು ಹೊತ್ತು ಏದುಸಿರು ಬಿಡುತ್ತಾ ದಿನ ಕಳೆಯುತ್ತದೆ. ಚರ್ಮದ ಕಾಯಿಲೆ, ಉಣುಗು, ಜ್ವರ ಒಂದರ ಹಿಂದೆ ಒಂದು ಬರುತ್ತವೆ. ಖರ್ಚು ಜಾಸ್ತಿಯಾಗುತ್ತದೆ. ಬಾಡಿಗೆ ಮನೆ ಬದಲಾಗುತ್ತದೆ, ಗಲ್ಫ್‌ಗೆ ಹೋಗುವ ವೀಸಾ ಬರುತ್ತದೆ. ನಾಯಿ ಬೀದಿಗೆ ಬೀಳುತ್ತದೆ. ಬೀಚಿನಲ್ಲಿ ಕುತ್ತಿಗೆಯ ಕೂದಲು ಸುತ್ತಲೂ ಸವೆದ ನಾಯಿಗಳನ್ನು ನೋಡಿದ್ದೇನೆ. ಬೆಲ್ಟ್ ಬಿಚ್ಚಿ ಬಿಟ್ಟು ಹೋಗಿದ್ದಾರೆ. ಪಾರ್ಕಿಂಗ್‌ಗೆ ಬರುವ ಪ್ರತಿ ಕಾರಿನ ಹತ್ತಿರವೂ ಅವು ಓಡಿ ಹೋಗುತ್ತವೆ.

ಕಾನೂನು ಇಲ್ಲ ಎಂದಲ್ಲ. ಪ್ರಾಣಿಗಳ ಸಂತಾನ ನಿಯಂತ್ರಣಕ್ಕೆಂದು ಕೇಂದ್ರ ಸರ್ಕಾರ 2023ರಲ್ಲಿ ಮಾಡಿದ ನಿಯಮಗಳಲ್ಲಿ ಸಾಕು ನಾಯಿಯ ಜಂತುಹುಳದ ಔಷಧಿ, ಲಸಿಕೆ, ಸಂತಾನಹರಣ ಚಿಕಿತ್ಸೆ ಮೂರೂ ಸಾಕಿದವರ ಹೊಣೆ. ಸಾಕಿದ ಪ್ರಾಣಿಯಿಂದ ಜನರಿಗೆ ಅಪಾಯವಾಗದಂತೆ ನೋಡಿಕೊಳ್ಳದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ 6 ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆದರೆ ಉಪವಾಸ ಬೀಳುವ ಹಾಗೆ ಪ್ರಾಣಿಯನ್ನು ಬಿಟ್ಟು ಹೋದವರಿಗೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ಸಲಕ್ಕೆ ಇರುವ ದಂಡ 10ರಿಂದ 50 ರೂಪಾಯಿ. ಆ ಕಾಲಕ್ಕೆ ಅದು ದುಡ್ಡೇ ಇರಬಹುದು. ಇವತ್ತು ಯಾರು ಹೆದರುತ್ತಾರೆ? ಇದನ್ನು ತಿದ್ದಲೇಬೇಕು.

ಬೀಚಿನ ವಿಷಯಕ್ಕೆ ಬರುತ್ತೇನೆ. ಸಂಜೆ ಪಣಂಬೂರು, ತಣ್ಣೀರುಬಾವಿ, ಸುರತ್ಕಲ್‌ಗೆ ನಾಯಿ ಕರೆದುಕೊಂಡು ಬರುವವರು ಹಗ್ಗ ಬಿಚ್ಚಿ ಬಿಡುತ್ತಾರೆ. ಮಾಡಿದ ಹೇಲನ್ನು ಮರಳು ಮುಚ್ಚಿ ಹೊರಟುಬಿಡುತ್ತಾರೆ. ಮುಚ್ಚಿದರೆ ಮುಗಿಯಿತು ಅಂದುಕೊಳ್ಳಬೇಡಿ. ನಾಯಿಯ ಹೊಟ್ಟೆಯ ಕೊಕ್ಕೆಹುಳದ ಮೊಟ್ಟೆ ಬೆಚ್ಚಗಿನ ತೇವದ ಮರಳಿನಲ್ಲೇ ಚೆನ್ನಾಗಿ ಒಡೆಯುತ್ತದೆ. ಅದರ ಮರಿಹುಳ ಬರಿಗಾಲಿನ ಚರ್ಮದೊಳಗೆ ಹೊಕ್ಕು ಗೆರೆ ಎಳೆದ ಹಾಗೆ ಹರಿದಾಡುತ್ತದೆ, ತಡೆಯಲಾರದ ತುರಿಕೆ. ಅದೇ ಮರಳಲ್ಲಿ ಮಕ್ಕಳು ಮನೆ ಕಟ್ಟಿ ಆಡುತ್ತಾರೆ, ಅಲ್ವಾ? ಒಂದು ಪ್ಲಾಸ್ಟಿಕ್ ಚೀಲ ಜೇಬಿನಲ್ಲಿ ಇಟ್ಟುಕೊಂಡರೆ, ತಿಂಗಳ ಲೆಕ್ಕ ತಪ್ಪದೆ ಜಂತಿನ ಔಷಧಿ ಕೊಟ್ಟರೆ ಇದನ್ನು ತಪ್ಪಿಸಬಹುದು.

ಕಡಲಾಮೆಗಳೂ ಇದೇ ಮರಳಿಗೆ ಬರುತ್ತವೆ. 2024ರ ಆರಂಭದಲ್ಲಿ ಸಸಿಹಿತ್ಲು, ತಣ್ಣೀರುಬಾವಿ ಕಡೆ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆ ಇಟ್ಟದ್ದು ಕಂಡುಬಂದು, ಅರಣ್ಯ ಇಲಾಖೆಯವರು ಬೇಲಿ ಹಾಕಿ ಕಾದರು. ನೂರರ ಆಸುಪಾಸು ಮೊಟ್ಟೆ ಇಟ್ಟು ತಾಯಿ ಕಡಲಿಗೆ ಹೋಗುತ್ತದೆ. ಮರಿ ಹೊರಬರಲು ಒಂದೂವರೆ ಎರಡು ತಿಂಗಳು ಬೇಕು. ಅಷ್ಟು ದಿನ ಒಂದು ನಾಯಿಯ ಮೂಗಿಗೂ ಆ ವಾಸನೆ ಸಿಗಬಾರದು. ಸಿಕ್ಕಿದರೆ ಒಂದೇ ರಾತ್ರಿಯಲ್ಲಿ ಗೂಡು ಬಗೆದು ಹಾಕುತ್ತದೆ. ಡಿಸೆಂಬರಿನಿಂದ ಏಪ್ರಿಲ್‌ವರೆಗಾದರೂ ಈ ಬೀಚುಗಳಲ್ಲಿ ನಾಯಿಯನ್ನು ಹಗ್ಗದಲ್ಲೇ ಇಟ್ಟುಕೊಳ್ಳಬೇಕು, ಮನೆ ನಾಯಿಯನ್ನು ರಾತ್ರಿ ಹೊರಗೆ ಬಿಡಬಾರದು. ಇದು ದೊಡ್ಡ ತ್ಯಾಗವೇನಲ್ಲ.

ರೇಬೀಸ್ ಬಗ್ಗೆ ಎಲ್ಲರಿಗೂ ಗೊತ್ತು ಅನ್ನುತ್ತಾರೆ. ಆದರೂ "ನಮ್ಮದೇ ನಾಯಿ ಪರಚಿದ್ದು, ಏನಾಗಲ್ಲ" ಎಂಬ ಮಾತು ಈಗಲೂ ಕೇಳುತ್ತದೆ. ನಾಯಿಮರಿಗೆ ಮೂರು ತಿಂಗಳಾದಾಗ ಮೊದಲ ಲಸಿಕೆ, ಆಮೇಲೆ ಬೂಸ್ಟರ್, ನಂತರ ವೈದ್ಯರು ಹೇಳಿದ ಹಾಗೆ ಪ್ರತಿ ವರ್ಷ. ಕಚ್ಚಿದರೆ, ರಕ್ತ ಬರದಿದ್ದರೂ ಪರಚಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ನೇರ ಆಸ್ಪತ್ರೆಗೆ ಹೋಗಬೇಕು. ಅರಸಿನ, ಸುಣ್ಣ ಹಚ್ಚಿ ಕೂರಬಾರದು. ರೋಗದ ಲಕ್ಷಣ ಕಂಡ ಮೇಲೆ ಉಳಿಸುವ ಮದ್ದು ಇಲ್ಲ.

ಪಾಲಿಕೆಯಲ್ಲಿ ನನ್ನದೊಂದು ಕೇಳಿಕೆ. ಸಾಕು ನಾಯಿಗಳ ಪರವಾನಗಿಯನ್ನು ಗಟ್ಟಿಯಾಗಿ ಜಾರಿ ಮಾಡಿ, ಅದಕ್ಕೆ ಲಸಿಕೆ ಮತ್ತು ಆಪರೇಷನ್ ಚೀಟಿ ಕಡ್ಡಾಯ ಮಾಡಲಿ. ಆದರೆ ದಂಡದ ರಸೀದಿಗಿಂತ ಮೊದಲು ಸೌಲಭ್ಯ ಬರಲಿ. ಮೀನು ಮಾರುವ ಹೆಂಗಸು, ಬೀಡಿ ಕಟ್ಟುವ ಮನೆಯವರು ಮನೆ ಕಾಯಲು ಒಂದು ಹೆಣ್ಣು ನಾಯಿ ಸಾಕಿರುತ್ತಾರೆ. ಆಪರೇಷನ್‌ಗೆ ಸಾವಿರಗಟ್ಟಲೆ ಕೇಳಿದರೆ ಎಲ್ಲಿಂದ ತರುತ್ತಾರೆ? ಆಮೇಲೆ ಮರಿಗಳು ರಟ್ಟಿನ ಪೆಟ್ಟಿಗೆ ಸೇರುತ್ತವೆ. ಕಡಲ ಬದಿಯ ವಾರ್ಡುಗಳಲ್ಲಿ ಮನೆಯ ಹೆಣ್ಣು ನಾಯಿಗಳಿಗೆ ಉಚಿತ ಶಿಬಿರ ಇಡಲಿ. ಅದೂ ಮೇ ತಿಂಗಳ ಒಳಗೆ, ಏಕೆಂದರೆ ಜೂನ್ ಮಳೆ ಹಿಡಿದರೆ ಹೊಲಿಗೆಯ ಗಾಯ ಒಣಗಿಸಿಕೊಳ್ಳುವುದು ಕಷ್ಟ. ನಮ್ಮ ವಾರ್ಡಿನಲ್ಲಿ ಶಿಬಿರ ಇಟ್ಟರೆ ಮನೆಮನೆಗೆ ಹೋಗಿ ಹೇಳುವ, ನಾಯಿಗಳನ್ನು ಕರೆತರುವ ಕೆಲಸಕ್ಕೆ ನಾನು ಬರುತ್ತೇನೆ. ಜೊತೆಗೆ ಬರುವ ನೆರೆಹೊರೆಯವರೂ ಇದ್ದಾರೆ.

ಇತಿ,
ನಿಮ್ಮ ಓದುಗರಲ್ಲೊಬ್ಬಳು, ಸುರತ್ಕಲ್